ಕ್ರೋನ್‌ಬಾಕ್ ಆಲ್ಫಾ: ಹೇಳುವುದೆಷ್ಟು, ಮರೆಸುವುದೆಷ್ಟು

ಮನೋವೈಜ್ಞಾನಿಕ ಪರೀಕ್ಷೆಯ ಅಂಕದಲ್ಲಿ ವ್ಯಕ್ತಿಯ ನಿಜವಾದ ಗುಣದ ಜೊತೆಗೆ ದಣಿವು, ಊಹೆ, ಪ್ರಶ್ನೆಯ ಗೊಂದಲಗಳಿಂದ ಬರುವ ದೋಷವೂ ಬೆರೆತಿರುತ್ತದೆ. ಅಂಕಗಳ ಒಟ್ಟು ಏರಿಳಿತದಲ್ಲಿ ನಿಜವಾದ ವ್ಯತ್ಯಾಸದ ಪಾಲೆಷ್ಟು ಎಂಬುದೇ ವಿಶ್ವಾಸಾರ್ಹತೆ. ಅದನ್ನು ಅಂದಾಜು ಮಾಡಲು ಕೆಲಕಾಲ ಬಿಟ್ಟು ಮರುಪರೀಕ್ಷೆ ನಡೆಸಬಹುದು. ಆದರೆ ಅದೇ ಜನರನ್ನು ಮತ್ತೆ ಕೂಡಿಸುವುದು ಕಷ್ಟ. ಒಂದೇ ಸಲದ ಉತ್ತರಗಳಿಂದ ಸಿಗುವ ಆಲ್ಫಾ ಗುಣಾಂಕ ಎಲ್ಲೆಡೆ ಹಬ್ಬಿದ್ದು ಈ ಅನುಕೂಲದಿಂದ.

ಮನೋವಿಜ್ಞಾನಿ ಲೀ ಕ್ರೋನ್‌ಬಾಕ್ 1951ರ ಲೇಖನದಲ್ಲಿ ಇದಕ್ಕೆ ಆಲ್ಫಾ ಎಂಬ ಹೆಸರು ಕೊಟ್ಟರು. ಸೂತ್ರ ಪೂರ್ತಿ ಹೊಸದಲ್ಲ. ಸರಿ-ತಪ್ಪು ಪ್ರಶ್ನೆಗಳಿಗೆ ಕೂಡರ್ ಮತ್ತು ರಿಚರ್ಡ್‌ಸನ್ 1937ರಲ್ಲೇ ಅದನ್ನು ರೂಪಿಸಿದ್ದರು. 1945ರಲ್ಲಿ ಗಟ್‌ಮನ್ ಕೂಡ ಅಲ್ಲಿಗೇ ತಲುಪಿದ್ದರು.

ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದನ್ನು ಆಲ್ಫಾ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಪ್ರಶ್ನೆಗಳ ಸಂಖ್ಯೆಗೂ ಅದು ಮಣಿಯುತ್ತದೆ. ಪ್ರಶ್ನೆಗಳ ನಡುವಿನ ಸರಾಸರಿ ಸಹಸಂಬಂಧ 0.30 ಇದ್ದರೆ, 5 ಪ್ರಶ್ನೆಗಳಿಗೆ ಆಲ್ಫಾ ಸುಮಾರು 0.68, ಅಂಥವೇ 20 ಪ್ರಶ್ನೆಗಳಾದರೆ 0.90. ಎಲ್ಲ ಪ್ರಶ್ನೆಗಳೂ ಒಂದೇ ಗುಣವನ್ನು ಅಳೆಯುತ್ತವೆ ಎಂಬುದಕ್ಕೂ ಅದು ಸಾಕ್ಷಿಯಲ್ಲ. ಹತ್ತು ಪ್ರಶ್ನೆ ಆತಂಕದ್ದು, ಹತ್ತು ಶಬ್ದಜ್ಞಾನದ್ದು ಎಂದಿಟ್ಟುಕೊಳ್ಳೋಣ. ಪ್ರತಿ ಗುಂಪಿನೊಳಗಿನ ಸಹಸಂಬಂಧ 0.50, ಗುಂಪುಗಳ ನಡುವೆ ಸೊನ್ನೆ. ಆಗಲೂ ಆಲ್ಫಾ ಸುಮಾರು 0.86! ಅಂಕ ದಿನದಿಂದ ದಿನಕ್ಕೆ ಬದಲಾಗುತ್ತದೆಯೇ ಎಂಬುದಂತೂ ಒಂದೇ ಸಲದ ಉತ್ತರಗಳಿಂದ ತಿಳಿಯುವುದಿಲ್ಲ. ಅದಕ್ಕೆ ಮರುಪರೀಕ್ಷೆಯೇ ಬೇಕು.

ಇದಕ್ಕಿಂತ ದೊಡ್ಡ ತೊಡಕು 0.70 ದಾಟಿದರೆ ಸಾಕೆಂಬ ರೂಢಿ. ಈ ಮಿತಿಗೆ ಆಧಾರವಾಗಿ ಉಲ್ಲೇಖಗೊಳ್ಳುವ ಮನೋವಿಜ್ಞಾನಿ ನನ್ನಲಿ 1978ರಲ್ಲಿ ಅದನ್ನು ಹೇಳಿದ್ದು ಸಂಶೋಧನೆಯ ಆರಂಭದ ಹಂತಕ್ಕೆ. ವ್ಯಕ್ತಿಯ ಬಗ್ಗೆ ಮಹತ್ವದ ತೀರ್ಮಾನ ಮಾಡುವಲ್ಲಿ ಅವರು ಕನಿಷ್ಠ 0.90 ಕೇಳಿದ್ದರು. ಅದೂ ನಿಶ್ಚಿಂತೆಯ ಮಟ್ಟವಲ್ಲ. ಮಾನಕ ವಿಚಲನೆ 15 ಇರುವ ಬುದ್ಧಿಮತ್ತೆ ಪರೀಕ್ಷೆಯಲ್ಲಿ ವಿಶ್ವಾಸಾರ್ಹತೆ 0.90 ಇದ್ದರೂ ಮಾಪನದ ಮಾನಕ ದೋಷ (ಅಂಕ ನಿಜವಾದ ಮಟ್ಟದಿಂದ ಸಾಮಾನ್ಯವಾಗಿ ಆಚೀಚೆ ಸರಿಯುವ ಪ್ರಮಾಣ) ಸುಮಾರು 4.7. ಅಂದರೆ 100 ಅಂಕ ಬಂದಾಗ ಶೇ 95ರ ವ್ಯಾಪ್ತಿ ಹೆಚ್ಚುಕಡಿಮೆ 91ರಿಂದ 109.

ಸ್ವತಃ ಕ್ರೋನ್‌ಬಾಕ್, ನಿಧನಾನಂತರ 2004ರಲ್ಲಿ ಪ್ರಕಟವಾದ ಬರಹದಲ್ಲಿ, ಗುಣಾಂಕಕ್ಕಿಂತ ಈ ಮಾನಕ ದೋಷವನ್ನು ವರದಿ ಮಾಡುವುದೇ ಮುಖ್ಯವೆಂದರು. ಪ್ರತಿ ಪ್ರಶ್ನೆಗೂ ಬೇರೆ ಬೇರೆ ತೂಕವಿರಲು ಎಡೆಕೊಡುವ ಮೆಕ್‌ಡೊನಾಲ್ಡ್ ಅವರ ಒಮೆಗಾ ಗುಣಾಂಕವೂ ಈಗ ಬಳಕೆಯಲ್ಲಿದೆ. ಆಲ್ಫಾವನ್ನು ಕೈಬಿಡಬೇಕಿಲ್ಲ, ಆದರೆ ಪ್ರಶ್ನೆಗಳ ಸಂಖ್ಯೆ, ಪ್ರಶ್ನೆಗಳು ಎಷ್ಟು ಗುಣಗಳನ್ನು ಅಳೆಯುತ್ತವೆ ಎಂದು ನೋಡುವ ಅಂಶ ವಿಶ್ಲೇಷಣೆ, ಮಾನಕ ದೋಷ ಜೊತೆಗಿಲ್ಲದ ಒಂಟಿ ಆಲ್ಫಾ ಪರೀಕ್ಷೆಯ ಗುಣಮಟ್ಟಕ್ಕೆ ಪುರಾವೆಯಾಗದು.