ಶಾಲೆಯ ಹುಡುಗಿಯ ದನಿ

ಕಳೆದ ಭಾನುವಾರ ‘ಕುರ್ಬಾನಿ’ಯ ಎಲ್‌ಪಿ ಹಾಕಿಕೊಂಡು ಕೂತಿದ್ದೆ. ಕಲ್ಯಾಣ್‌ಜಿ–ಆನಂದ್‌ಜಿ ಸಂಗೀತವಿರುವ ತಟ್ಟೆಯದು. ಆದರೆ ಅದರಲ್ಲಿ ಒಂದು ಹಾಡು ಮಾತ್ರ ಅವರದಲ್ಲ. ‘ಆಪ್ ಜೈಸಾ ಕೋಯಿ’ಗೆ ಸೂಜಿ ತಲುಪಿದ ಕೂಡಲೇ ಬಾಸ್ ಗಿಟಾರು, ಡ್ರಮ್ಮುಗಳ ಬಿಗಿಯಾದ ಹೆಜ್ಜೆ, ಅದರ ಮೇಲೆ ಒಬ್ಬ ಹುಡುಗಿಯ ದನಿ. ತುಸು ಮೂಗಿನದು, ಗಮಕದ ಗೊಡವೆ ಇಲ್ಲದ್ದು.

ನಾಜಿಯಾ ಹಸನ್ ಹುಟ್ಟಿದ್ದು 1965ರ ಏಪ್ರಿಲ್ 3ರಂದು ಕರಾಚಿಯಲ್ಲಿ, ಬೆಳೆದದ್ದು ಅಲ್ಲಿ ಮತ್ತು ಲಂಡನ್ನಿನಲ್ಲಿ. ಲಂಡನ್ನಿನ ಒಂದು ಪಾರ್ಟಿಯಲ್ಲಿ ‘ಕುರ್ಬಾನಿ’ ಸಿನಿಮಾದ ನಿರ್ದೇಶಕ ಫಿರೋಜ್ ಖಾನ್ ಕಣ್ಣಿಗೆ ಬಿದ್ದಳು. ಅವರು ಅವಳನ್ನು ಕಳಿಸಿದ್ದು ಬಿದ್ದು ಅಪ್ಪಯ್ಯನವರ ಬಳಿಗೆ. ಇಬ್ಬರೂ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದವರು! ಕೊಡಗು ಮೂಲದ ಬಿದ್ದು, ಇಲ್ಲಿ ಟ್ರೋಜನ್ಸ್ ಎಂಬ ಬ್ಯಾಂಡಿನಲ್ಲಿ ಹಾಡಿ, ಲಂಡನ್ ಸೇರಿ, 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫು ಫೈಟಿಂಗ್’ ನಿರ್ಮಿಸಿ ಜಗತ್ತನ್ನೇ ಕುಣಿಸಿದ್ದವರು. ಬೆಂಗಳೂರಿನ ಇಬ್ಬರು, ಕರಾಚಿಯ ಒಬ್ಬ ಹುಡುಗಿ, ಲಂಡನ್ನಿನ ಸ್ಟುಡಿಯೊ: ಈ ಹಾಡು ಹುಟ್ಟಿದ ಬಗೆ ಇದು.

ಸಂಗೀತ ಬಲ್ಲ ನನ್ನ ಗೆಳೆಯರೊಬ್ಬರು ಇದನ್ನು ಹಾಡುಗಾರಿಕೆ ಎಂದೇ ಒಪ್ಪುವುದಿಲ್ಲ. ಕಂಠ ಪಳಗಿಲ್ಲ ಅನ್ನುತ್ತಾರೆ. ನಿಜ, ಪಳಗಿಲ್ಲ. ಲತಾ, ಆಶಾ ಅವರ ಕಂಠಗಳೇ ಹಿಂದಿ ಸಿನಿಮಾದ ಹೆಣ್ಣುದನಿಯಾಗಿದ್ದ ಕಾಲದಲ್ಲಿ, ಹದಿಹರೆಯದ ಹುಡುಗಿಯೊಬ್ಬಳು ಹದಿಹರೆಯದ ಹುಡುಗಿಯ ಹಾಗೇ ಹಾಡಿದ್ದು ಹೊಸತಾಗಿತ್ತು. ಬಿದ್ದು ಅವಳ ದನಿಯನ್ನು ತಿದ್ದಹೋಗಲಿಲ್ಲ. ಅದೇ ಸಾಲನ್ನು ಮತ್ತೆ ಹಾಡಿಸಿ ಒಂದರ ಮೇಲೊಂದು ಹಾಸಿದರು. ಒಬ್ಬಳೇ ಎರಡು ಸಲ ಹಾಡಿದ್ದು ಕೂದಲೆಳೆಯಷ್ಟಾದರೂ ಹಿಂದುಮುಂದಾಗುತ್ತದಲ್ಲ, ಆ ಸಂದಿನಲ್ಲೇ ತೆಳುವಾದ ಕಂಠ ಅಗಲವಾಯಿತು. ಹೆಡ್‌ಫೋನ್ ಹಾಕಿಕೊಂಡು ಕೇಳಿ, ತಿಳಿಯುತ್ತದೆ. ತೆರೆಯ ಮೇಲೆ ಜೀನತ್ ಅಮಾನ್ ಕುಣಿದರು. 1981ರಲ್ಲಿ ಫಿಲ್ಮ್‌ಫೇರ್‌ನ ಅತ್ಯುತ್ತಮ ಹಿನ್ನೆಲೆ ಗಾಯಕಿ ಪ್ರಶಸ್ತಿ ಬಂದಾಗ ನಾಜಿಯಾಗೆ 15 ವರ್ಷ.

ಅದೇ ವರ್ಷ ತಮ್ಮ ಜೊಹೇಬ್ ಜೊತೆ ‘ಡಿಸ್ಕೊ ದೀವಾನೆ’. ನನ್ನ ಮಟ್ಟಿಗೆ ಇದೇ ಅವಳ ನಿಜವಾದ ಕೆಲಸ. ಸಿನಿಮಾದ ಹಂಗಿಲ್ಲದೆ, ಯಾವ ನಾಯಕಿಗೂ ದನಿ ಕೊಡದೆ, ತನ್ನ ಹೆಸರಿನಲ್ಲೇ ಹಾಡಿದ ಆಲ್ಬಮ್ ಅದು. ಗಡಿಯ ಎರಡೂ ಕಡೆ ಮನೆಮನೆಯಲ್ಲಿ ಮೊಳಗಿತು. ಜಿಯಾ ಉಲ್ ಹಕ್ ಆಳ್ವಿಕೆಯ ಪಾಕಿಸ್ತಾನದ ಟಿ.ವಿ.ಯಲ್ಲಿ ಮಾತ್ರ ಅವಳ ಕುಣಿಯುವ ಕಾಲು ಕಾಣಿಸುವಂತಿರಲಿಲ್ಲ, ಸೊಂಟದಿಂದ ಮೇಲಷ್ಟೇ ತೋರಿಸುತ್ತಿದ್ದರು. ಆಮೇಲೆ ‘ಸ್ಟಾರ್’ (1982), ‘ಯಂಗ್ ತರಂಗ್’ (1984), ‘ಹಾಟ್‌ಲೈನ್’ (1987). ಕೊನೆಯ ಎರಡು ಆಲ್ಬಮ್‌ಗಳು ನನಗೆ ಅಷ್ಟು ಹಿಡಿಸುವುದಿಲ್ಲ. ದನಿ ಮಾಗಿತ್ತು, ಹಾಡುಗಳು ಮಾಗಿರಲಿಲ್ಲ. 1992ರ ‘ಕ್ಯಾಮೆರಾ ಕ್ಯಾಮೆರಾ’ದೊಂದಿಗೆ ಹಾಡುವುದನ್ನೇ ಬಿಟ್ಟಳು.

ಹಾಡಿನ ನಡುವೆಯೂ ಓದು ಬಿಟ್ಟವಳಲ್ಲ ಎಂಬುದು ನನಗೆ ಬಹಳ ಮೆಚ್ಚುಗೆ. ಕಾನೂನು ಪದವಿ ಪಡೆದಳು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದಳು, ಮಾದಕ ವಸ್ತುಗಳ ವಿರುದ್ಧ ದುಡಿದಳು. 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅವಳನ್ನು ಒಯ್ದಿತು. ಬರೀ 35 ವರ್ಷ. ‘ಅವಳು’ ಎಂದೇ ಬರೆಯುತ್ತಿದ್ದೇನೆ, ಆ ದನಿ ಕೇಳುತ್ತ ಬೇರೆ ಮಾತು ಬಾಯಿಗೆ ಬರುವುದಿಲ್ಲ.

ಅವಳು ಹಾಡದೆ ಬಿಟ್ಟ ಒಂದು ಹಾಡಿದೆ. ಬಿದ್ದು ಅವಳಿಗೆಂದೇ ‘ಮೇಡ್ ಇನ್ ಇಂಡಿಯಾ’ ಮಾಡಿದ್ದರು. ಪಾಕಿಸ್ತಾನದ ಜನ ನೊಂದುಕೊಂಡಾರೆಂದು ಅವಳು ಒಲ್ಲೆ ಎಂದಳು. 1995ರಲ್ಲಿ ಅದು ಅಲಿಶಾ ಚಿನಾಯ್ ದನಿಯಲ್ಲಿ ಬಂತು. ಅಲಿಶಾ ಚೆನ್ನಾಗಿಯೇ ಹಾಡಿದ್ದಾರೆ, ತುಂಬು ಕಂಠ. ಆದರೂ ಪಲ್ಲವಿ ಬಂದಾಗಲೆಲ್ಲ ನನ್ನ ಕಿವಿ ಅದರಡಿಯಲ್ಲಿ ಮೂಗಿನ ಆ ತೆಳು ದನಿಯನ್ನು ಹುಡುಕುತ್ತದೆ.