ಅತ್ತೆಯ ಕಿವಿ ಮತ್ತು ವ್ಯಾಟಿನ ಲೆಕ್ಕ

ಯಲಹಂಕದ ನಮ್ಮ ಮನೆಯಲ್ಲಿ ಮಗ ತಾನೇ ಒಂದು ಆಂಪ್ಲಿಫೈಯರ್ ಕಟ್ಟಿದ. ಎಸ್.ಪಿ. ರಸ್ತೆಗೆ ನಾಲ್ಕು ಸಲ ಅಲೆದು ಟಿಡಿಎ 2030 ಐಸಿ, ಹೊಳೆಯುವ ನಾಬು, ಚೆಂದದ ಡಬ್ಬಿ ಆರಿಸಿ ತಂದ. ಡಬ್ಬಿಯೊಳಗೆ ಅಡಗುವ ಟ್ರಾನ್ಸ್‌ಫಾರ್ಮರ್ ಮಾತ್ರ ಚಿಕ್ಕದು, ಅಗ್ಗದ್ದು.

ಗಂಗೂಬಾಯಿ ಹಾನಗಲ್ ಅವರ (1913–2009) ಗಾಯನ ಹಾಕಿದೆವು. ತಂಬೂರಿಯ ಅಡಿಯಲ್ಲಿ ಗುಂಯ್ ಎಂಬ ಸದ್ದು. ಸ್ವರ ಏರಿದಾಗ ಆ ಗಂಭೀರ ಕಂಠ ಒಡೆಯುತ್ತಿತ್ತು. ಅರ್ಧ ಗಂಟೆಯಲ್ಲಿ ಐಸಿ ಕಾದು, ತನ್ನನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚುತ್ತಿತ್ತು.

“ನನ್ನ ಕಿವಿಗೇ ವಯಸ್ಸಾಯ್ತು ಬಿಡಮ್ಮ” ಎಂದು ಅತ್ತೆ ಎದ್ದು ಹೋಗುತ್ತಿದ್ದರು. ನಾನೂ ಹಾಗೆಂದೇ ನಂಬಿದ್ದೆ.

ಮಗ ಇನ್ನೂ ಹೆಚ್ಚು ವ್ಯಾಟಿನ ಐಸಿ ಹುಡುಕತೊಡಗಿದ. ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್. ಕಿವಿಗೆ ಅದು ತುಸು ಹೆಚ್ಚು, ದುಪ್ಪಟ್ಟಲ್ಲ. ಬೇಕಿದ್ದುದು ಬೇರೆ: ಹೊರೆ ತಾಳುವ ಟ್ರಾನ್ಸ್‌ಫಾರ್ಮರ್, ವಿದ್ಯುತ್ತಿನ ಏರಿಳಿತ ತಗ್ಗಿಸುವ ದೊಡ್ಡ ಕೆಪಾಸಿಟರ್, ಬಿಸಿ ಹೊರಹಾಕಲು ಅಗಲವಾದ ಅಲ್ಯೂಮಿನಿಯಂ ಹೀಟ್‌ಸಿಂಕ್. ಅವನ್ನು ಬದಲಿಸಿದ, ಐಸಿ ಹಳೆಯದೇ.

ತಂಬೂರಿ ತಿಳಿಯಾಯಿತು. ಕಂಠಕ್ಕೆ ತನ್ನ ತೂಕ ಮರಳಿತು. ತಾರಸ್ಥಾಯಿ ಇನ್ನೂ ಕೊಂಚ ಒರಟು. ಅದು ಅಗ್ಗದ ಸ್ಪೀಕರಿನ ಪಾಲು. ಆದರೂ ಅತ್ತೆ ಕೊನೆಯವರೆಗೆ ಕೂತು, “ಅವರು ಉಸಿರು ತಗೊಳ್ಳೋದೂ ಕೇಳಿಸ್ತಿದೆ ಕಣಮ್ಮ” ಎಂದರು. ನನಗೆ ನಾಚಿಕೆಯಾಯಿತು.

ನೀವೂ ಮಕ್ಕಳಿಗೆ ಇಂಥ ಸಾಮಾನಿಗೆ ದುಡ್ಡು ಕೊಡುವಾಗ ಮೊದಲು ಟ್ರಾನ್ಸ್‌ಫಾರ್ಮರ್ ಬಗ್ಗೆ ವಿಚಾರಿಸಿ. ಕಟ್ಟಿದ ಮೇಲೆ ಮನೆಯ ಹಿರಿಯರನ್ನು ಕೂರಿಸಿ ಒಂದು ಗಂಟೆ ಹಾಡಿಸಿ. ಅವರು ಎದ್ದು ಹೋದರೆ, ಕಿವಿಯನ್ನು ದೂರುವ ಮುನ್ನ ಡಬ್ಬಿಯನ್ನು ಅನುಮಾನಿಸಿ.