ಎಳೆಯರ ನರಾವರಣಕ್ಷಯ: ಸಾಧ್ಯಾಸಾಧ್ಯವಿಚಾರದ ವಿಮರ್ಶೆ

ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆಯುಂಟು. ಶರೀರದ ರಕ್ಷಣಾಶಕ್ತಿಯೇ ದಾರಿತಪ್ಪಿ ಈ ಹೊದಿಕೆಯನ್ನು ಕೆಡಿಸಿದಾಗ ಮಗುವಿಗೆ ದೃಷ್ಟಿ ಮಂಕಾಗುವುದು, ಕಾಲು ಸೋಲುವುದು, ಪ್ರಜ್ಞೆ ಕದಡುವುದು ಮುಂತಾದ ಲಕ್ಷಣಗಳು ತೋರುವುವು. ಈ ರೋಗಗಳನ್ನು ಕುರಿತ ಈಚಿನ ಲೇಖನಗಳಲ್ಲಿ ನಿದಾನಭಾಗವು ಎಷ್ಟು ವಿಶದವಾಗಿರುವುದೋ, ಮಗುವಿನ ಮುಂದಣ ಗತಿಯನ್ನು ಹೇಳುವ ಭಾಗವು ಅಷ್ಟೇ ಅವಸರದ್ದಾಗಿರುವುದು. ‘ಪೂರ್ಣಗುಣ’ವೆಂಬ ಮಾತು ಅಲ್ಲಿ ಧಾರಾಳವಾಗಿ ಕಾಣುವುದು. ಆ ಮಾತಿನ ಅರ್ಥವನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಗುಣವನ್ನು ಅಳೆಯುವ ಕೋಲು ಯಾವುದು? 1983ರಲ್ಲಿ ಕರ್ಟ್ಸ್ಕೆ ಎಂಬ ಅಮೆರಿಕದ ವೈದ್ಯನು ಪ್ರಕಟಿಸಿದ ಮಾನವು ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಸೊನ್ನೆಯಿಂದ ಹತ್ತರವರೆಗೆ ಅಂಕಗಳು. ನಾಲ್ಕನ್ನು ದಾಟಿದ ಮೇಲೆ ಎಣಿಕೆಯೆಲ್ಲ ಬಹುಮಟ್ಟಿಗೆ ನಡೆಯುವ ಶಕ್ತಿಯದೇ. ವಯಸ್ಕರಿಗಾಗಿ ಹುಟ್ಟಿದ ಈ ಕೋಲಿನಿಂದ ಎಂಟು ವರ್ಷದ ಬಾಲಕನನ್ನು ಅಳೆದರೆ, ಅವನು ಅಂಗಳದಲ್ಲಿ ಓಡಿದನೆಂಬಷ್ಟರಿಂದಲೇ ಅವನಿಗೆ ಒಳ್ಳೆಯ ಅಂಕ ಬರುವುದು. ಮಗ್ಗಿ ಮರೆತನೆ, ಪಾಠದಲ್ಲಿ ಮನಸ್ಸು ನಿಲ್ಲದೆ ಹೋಯಿತೆ ಎಂಬುದನ್ನು ಕೋಲು ಕೇಳದು. ಆದರೆ ಬಾಲ್ಯದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹಿಡಿದವರಲ್ಲಿ ಸರಿಸುಮಾರು ಮೂರರಲ್ಲೊಂದು ಪಾಲಿನ ಮಕ್ಕಳಿಗೆ ಸ್ಮೃತಿ, ಅವಧಾನ, ಗ್ರಹಣವೇಗಗಳಲ್ಲಿ ಕೊರತೆಯುಂಟೆಂದು ಪರೀಕ್ಷೆಗಳು ತೋರಿಸಿವೆ. ಒಮ್ಮೆ ಮಾತ್ರ ಬಂದು ಹೋಗುವ ತೀವ್ರ ಮಿದುಳುರಿಯೂತದಲ್ಲಿ ಕೂಡ, ಮಗು ಕೆಲವು ವಾರಗಳಲ್ಲಿ ಎದ್ದು ನಡೆದರೂ, ಇಂಥ ಶೇಷಗಳು ಉಳಿಯುವುದುಂಟು. ಬಹಳ ಎಳೆವಯಸ್ಸಿನಲ್ಲಿ ರೋಗಕ್ಕೀಡಾದವರಿಗೆ ಈ ಭಯ ಹೆಚ್ಚು.

ಇನ್ನು ಕಾಲದ ಲೆಕ್ಕ. ಫ್ರಾನ್ಸ್ ಮತ್ತು ಬೆಲ್ಜಿಯಂ ದೇಶಗಳ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಹದಿನಾರು ವರ್ಷದೊಳಗೆ ಸ್ಕ್ಲೆರೋಸಿಸ್ ಆರಂಭವಾದ 394 ಮಂದಿಯನ್ನು ಕುರಿತದ್ದು. ರೋಗವು ಬಿಡದೆ ಏರುವ ಘಟ್ಟವನ್ನು ಮುಟ್ಟಲು ಇವರಿಗೆ ಸುಮಾರು 28 ವರ್ಷ ಹಿಡಿಯಿತು; ವಯಸ್ಕರಿಗಿಂತ ಸುಮಾರು ಹತ್ತು ವರ್ಷ ನಿಧಾನ. ಇದನ್ನಷ್ಟೇ ಎತ್ತಿ ‘ಮಕ್ಕಳಲ್ಲಿ ರೋಗವು ಸೌಮ್ಯ’ವೆಂದು ಬರೆಯುವವರು ಮುಂದಿನ ಅಂಕಿಯನ್ನು ನುಂಗಿಬಿಡುವರು: ಆ ಘಟ್ಟದಲ್ಲಿ ಅವರ ವಯಸ್ಸು 41. ವಯಸ್ಕರಾಗಿ ರೋಗ ಹಿಡಿದವರಿಗಿಂತ ಹತ್ತು ವರ್ಷ ಚಿಕ್ಕವರು; ಸಂಸಾರದ ಭಾರ ಹೊರುವ ವಯಸ್ಸು. ಅಲ್ಲದೆ ಅದು ಬಹುಮಟ್ಟಿಗೆ ಇಂದಿನ ಬಲವಾದ ಔಷಧಗಳಿಗೆ ಮುಂಚಿನ ಚಿತ್ರವು. ಹತ್ತು ವರ್ಷ ತುಂಬಿದ ಮಕ್ಕಳಿಗೆ ಫಿಂಗೋಲಿಮಾಡ್ ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ, ಇಂಟರ್‌ಫೆರಾನಿನೊಡನೆ ಹೋಲಿಸಿದರೆ, ಮರುಕಳಿಕೆಯು ನೂರಕ್ಕೆ 82ರಷ್ಟು ಇಳಿಯಿತೆಂದು 2018ರಲ್ಲಿ ಪ್ರಕಟವಾಯಿತು.

ನಮ್ಮ ಜಿಲ್ಲೆಯ ಮಟ್ಟಿಗೆ ಮಂಗಳೂರಿನ ಕಾರ್ಯವು ಸ್ತುತ್ಯವು. ಕೆ. ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ಲೇಖಾ ಪಂಡಿತರು ಈ ರೋಗಗಳ ದಾಖಲೆಪುಸ್ತಕವೊಂದನ್ನು ಕಟ್ಟಿ, 2014ರಲ್ಲಿ ಮಂಗಳೂರು ನಗರದ ಗಣನೆಯನ್ನು ಪ್ರಕಟಿಸಿದರು. ಸ್ಕ್ಲೆರೋಸಿಸ್ ಲಕ್ಷಕ್ಕೆ ಸುಮಾರು ಎಂಟು. ಭಾರತದಲ್ಲಿ ಅದು ಅತಿವಿರಳವೆಂಬ ಹಳೆಯ ನಂಬಿಕೆ ಇದರಿಂದ ಅಲುಗಿತು. ಆದರೆ ಇದು ನಗರದ ಲೆಕ್ಕ, ಎಲ್ಲ ವಯಸ್ಸಿನವರ ಲೆಕ್ಕ. ಮೂಡುಬಿದಿರೆಯ ತಾಳೆಯೋಲೆಗಳನ್ನು ಪಟ್ಟಿಮಾಡಿ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಗ್ರಂಥಸೂಚಿಯನ್ನು ಹೊರತಂದರಷ್ಟೆ. ಭಂಡಾರದ ಸೂಚಿಯನ್ನು ಮನೆಮನೆಯ ಅಟ್ಟದ ಸೂಚಿಯೆಂದು ಯಾರೂ ಓದರು. ಬೆಳ್ತಂಗಡಿಯ ಘಟ್ಟದ ಬುಡದ ಮಗುವಿನ ಗತಿಯನ್ನು ನಗರದ ಅಂಕಿಯಿಂದ ಊಹಿಸುವುದೂ ಅಂಥದೇ. ಆಸ್ಪತ್ರೆಯ ದಾಖಲೆಗಳಿಗೆ ಇನ್ನೊಂದು ಸಹಜದೋಷವುಂಟು: ಗುಣವಾದವನು ಮರಳಿ ಬಾರನು, ಬಸ್ಸಿನ ಖರ್ಚಿಗೆ ಅಂಜಿದವನೂ ಬಾರನು, ಪುಸ್ತಕದಲ್ಲಿ ಇಬ್ಬರೂ ಒಂದೇ.

ಚರಕನು ವ್ಯಾಧಿಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯವೆಂದು ವಿಭಾಗಿಸಿದನು. ಚಿಕಿತ್ಸೆಯಿರುವವರೆಗೆ ಅಡಗಿದ್ದು, ಬಿಟ್ಟೊಡನೆ ಏಳುವುದು ಯಾಪ್ಯ. ಈ ಪದವು ಇಂದಿನ ‘ಗುಣ, ಅಗುಣ’ಗಳ ನಡುವೆ ತೆರವಾಗಿರುವ ಸ್ಥಾನಕ್ಕೆ ಚೆನ್ನಾಗಿ ಒಪ್ಪುವುದೆಂದು ನನ್ನ ಅಭಿಪ್ರಾಯ. ಎಂ.ಓ.ಜಿ. ಪ್ರತಿಕಾಯದಿಂದಾಗುವ ರೋಗವನ್ನು ನೋಡಿರಿ; 2023ರಲ್ಲಿ ಅದರ ನಿರ್ಣಯಲಕ್ಷಣಗಳು ಅಂತರರಾಷ್ಟ್ರೀಯವಾಗಿ ಗೊತ್ತಾದುವು. ಅನೇಕ ಮಕ್ಕಳಿಗೆ ಅದು ಒಮ್ಮೆ ಬಂದು ಮುಗಿಯುವುದು, ಉಳಿದವರಿಗೆ ಮರುಕಳಿಸುವುದು. ಮೊದಲ ದಿನವೇ ಇವರನ್ನು ಬೇರ್ಪಡಿಸುವ ನಿಶ್ಚಿತವಾದ ಗುರುತು ಇನ್ನೂ ದೊರೆತಿಲ್ಲ. ಸ್ಟಿರಾಯ್ಡ್ ಮಾತ್ರೆಯನ್ನು ಅವಸರದಿಂದ ಇಳಿಸಿದಾಗ ರೋಗವು ಮತ್ತೆ ತಲೆಯೆತ್ತುವುದು ಇಲ್ಲಿ ಪ್ರಸಿದ್ಧವಾದ ಸಂಗತಿ. ಮಗು ನೆಟ್ಟಗೆ ನಡೆಯುತ್ತಿದೆಯಲ್ಲ ಎಂದು ತಾಯಿತಂದೆಗಳು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಸಹಜ; ‘ಪೂರ್ಣಗುಣ’ವೆಂದು ಬರೆದುಕೊಟ್ಟ ಚೀಟಿಯು ಕೈಯಲ್ಲಿದ್ದರೆ ಇನ್ನೂ ಸಹಜ.